ಲಕ್ಷದ್ವೀಪಕ್ಕೆ ಹಡಗೇರುವ ಮುನ್ನ

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಊಟಿ, ಕೊಡೈಕನಾಲುಗಳ ಮಾತೇ. ಎದುರಿನ ಕಡಲಿನಲ್ಲೇ ಇರುವ ಲಕ್ಷದ್ವೀಪ ನೆನಪಾಗುವುದು ಕಡಿಮೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದು ಎಳೆಯರಿಗೆ ತಿಳಿದಿರಲಾರದು.

ದೊಡ್ಡ ಪ್ರಯಾಣಿಕ ಹಡಗುಗಳು ಹೊರಡುವುದು ಕೊಚ್ಚಿಯಿಂದ. ಮೊದಲು ಪ್ರವೇಶ ಪರವಾನಗಿ, ಆಮೇಲೆ ಟಿಕೇಟು. ಮಳೆಗಾಲದ ಕಡಲು ಒರಟು; ಅಕ್ಟೋಬರ್ ಕಳೆದು ಏಪ್ರಿಲ್ ಒಳಗೆ ಹೋಗುವುದು ಲೇಸು. ಹವೆ ಕೆಟ್ಟರೆ ಹಡಗು ತಡವಾಗುತ್ತದೆ. ಹಿಂತಿರುಗುವ ಮರುದಿನವೇ ಮದುವೆ, ಪರೀಕ್ಷೆ ಇಟ್ಟುಕೊಳ್ಳಬೇಡಿ.

ಹಿರಿಯರನ್ನು ಕರೆದೊಯ್ಯುವವರು ಒಂದು ಸಂಗತಿಯನ್ನು ಚೆನ್ನಾಗಿ ಯೋಚಿಸಬೇಕು. ದ್ವೀಪಗಳ ಸುತ್ತ ಹವಳದ ದಿಬ್ಬವಿದ್ದು ಒಳಗಿನ ನೀರು ಆಳವಿಲ್ಲ. ಆದ್ದರಿಂದ ಹೆಚ್ಚಿನ ಕಡೆ ಹಡಗು ಹೊರಗೇ ನಿಲ್ಲುತ್ತದೆ. ಅಲೆಯೊಂದಿಗೆ ಏರಿಳಿಯುವ ಸಣ್ಣ ದೋಣಿಗೆ ಹಡಗಿನಿಂದ ಕಾಲಿಡಬೇಕು. ಸಿಬ್ಬಂದಿ ಕೈ ಹಿಡಿಯುತ್ತಾರೆ, ಹೆಜ್ಜೆ ಮಾತ್ರ ನಮ್ಮದೇ. ಮೊಣಕಾಲು ನೋವಿನ ಅಜ್ಜಿಯಂದಿರಿಗೆ ಇದು ಸುಲಭವಲ್ಲ. ಅವರ ಹತ್ತಿರ ಮೊದಲೇ ಹೇಳಿ, ತೀರ್ಮಾನ ಅವರಿಗೇ ಬಿಡಿ. ಗಂಟುಮೂಟೆ ಬೇಡ. ಹೆಗಲಿಗೊಂದು ಚೀಲ, ಎರಡೂ ಕೈ ಖಾಲಿ.

ವಾಂತಿಯ ಭಯವಿದ್ದವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು. ಶುರುವಾದ ಮೇಲೆ ಪ್ರಯೋಜನ ಕಡಿಮೆ. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಹಗುರವಾಗಿ ಉಣ್ಣಿ, ಹೊಟ್ಟೆ ಖಾಲಿ ಬಿಡಬೇಡಿ.

ಹವಳದ ಚೂರನ್ನು ಹೆಕ್ಕಿ ತರುವುದು ಅಪರಾಧವೆಂದು ಮಕ್ಕಳಿಗೆ ಹೇಳಿಡಿ. ಇನ್ನು ಭಾಷೆ: ಮಿನಿಕಾಯ್ ಒಂದನ್ನು ಬಿಟ್ಟರೆ ಉಳಿದೆಡೆ ದ್ವೀಪದ ಮಲಯಾಳವೇ. ಆ ಮಟ್ಟಿಗೆ ಬೆಂಗಳೂರಿನವರಿಗಿಂತ ನಮಗೆ ಅನುಕೂಲ.