ಅರ್ಧ ವೈದ್ಯರೋ, ಊರಿನ ಆರೋಗ್ಯಪಾಲಕರೋ?

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯ ಹೆಣ್ಣುಮಗಳೊಬ್ಬಳಿಗೆ ತನ್ನ ರಕ್ತದೊತ್ತಡ ಏರಿದೆಯೆಂಬುದು ಯಾವಾಗ ತಿಳಿಯುತ್ತದೆ? ಬಹುತೇಕ, ತಲೆ ಸುತ್ತಿ ಬಿದ್ದಾಗ; ಇಲ್ಲವೇ ಕೈಕಾಲು ಸ್ವಾಧೀನ ತಪ್ಪಿದಾಗ. ರಕ್ತದೊತ್ತಡ ನೋಯಿಸುವುದಿಲ್ಲ. ಸಕ್ಕರೆ ಕಾಯಿಲೆಯೂ ಮೊದಮೊದಲು ಸದ್ದಿಲ್ಲದೆ ದೇಹವನ್ನು ಸವೆಸುತ್ತದೆ. ನೋವಿಲ್ಲದಿರುವಾಗ ಒಂದು ದಿನದ ಕೂಲಿಯನ್ನು ಕಳೆದುಕೊಂಡು, ಬಸ್ಸು ಹಿಡಿದು, ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಹೋಗಿ ನಿಲ್ಲುವವರು ಯಾರು? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸುತ್ತಲಿನ ಹಳ್ಳಿಗಳಲ್ಲಿ ಬಡವರ ಆಯುಷ್ಯವನ್ನು ಮೊಟಕುಗೊಳಿಸುವುದು ಇಂತಹ ಮೌನ ವ್ಯಾಧಿಗಳೇ.

ಈ ಕೊರತೆಯನ್ನು ತುಂಬಲೆಂದು ನಮ್ಮ ನಡುವೆ ಹೊಸದೊಂದು ಹುದ್ದೆ ರೂಪುಗೊಂಡಿದೆ. 2018ರ ಏಪ್ರಿಲ್ 14ರಂದು ಛತ್ತೀಸಗಢದ ಜಾಂಗ್ಲಾ ಗ್ರಾಮದಲ್ಲಿ ದೇಶದ ಮೊದಲ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಆರಂಭವಾಯಿತು. ಉಪಕೇಂದ್ರಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಮೇಲ್ದರ್ಜೆಗೇರಿಸುವ ಈ ಯೋಜನೆಯ ಕೇಂದ್ರಗಳಿಗೆ 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರಾಯಿತು. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದರಂತೆ ಇರಬೇಕಾದ ಉಪಕೇಂದ್ರದಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿ ಎಂಬೊಬ್ಬರು ಕುಳಿತಿರುತ್ತಾರೆ. ಇವರು ಎಂ.ಬಿ.ಬಿ.ಎಸ್. ಓದಿದವರಲ್ಲ, ನಮ್ಮ ರಾಜ್ಯದಲ್ಲಿ ಹೆಚ್ಚಿನವರು ಶುಶ್ರೂಷಾ ಶಿಕ್ಷಣವನ್ನು ಮುಗಿಸಿದ ದಾದಿಯರು. ಆ ವಿದ್ಯೆಯ ಮೇಲೆ ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಬ್ರಿಡ್ಜ್ ಕೋರ್ಸನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಮೊದಲಾದ ಸಂಸ್ಥೆಗಳು ನೀಡಿದವು. ಮುಂದೆ ಅದೇ ಪಾಠವನ್ನು ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದೊಳಗೇ ಸೇರಿಸಲಾಯಿತು.

ಇವರ ಕೆಲಸವೇನು? ಮೂವತ್ತು ವರ್ಷ ದಾಟಿದವರೆಲ್ಲರ ರಕ್ತದೊತ್ತಡ, ಸಕ್ಕರೆ ಅಂಶಗಳ ತಪಾಸಣೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ಲಕ್ಷಣಗಳ ಪತ್ತೆ. ಕ್ಷಯದ ಸಂಶಯವಿದ್ದಲ್ಲಿ ಕಫದ ಪರೀಕ್ಷೆಗೆ ವ್ಯವಸ್ಥೆ. ಗರ್ಭಿಣಿ ಬಾಣಂತಿಯರ ಆರೈಕೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಔಷಧವನ್ನು ನಿರ್ಧರಿಸಿ ಮೊದಲು ಬರೆದುಕೊಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ತಿಂಗಳು ತಿಂಗಳು ಆ ಗುಳಿಗೆಯನ್ನು ಊರಿನಲ್ಲೇ ಕೊಟ್ಟು, ಬಾರದವರ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳುಹಿಸಿ, ಸಂದೇಹ ಬಂದಾಗ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರ ಸಲಹೆ ಕೇಳುವುದು ಇವರ ಹೊಣೆ.

ಇಲ್ಲೊಂದು ಆಕ್ಷೇಪವುಂಟು, ಅದು ಗಂಭೀರವಾದುದೇ. ಪಟ್ಟಣದ ಉಳ್ಳವರಿಗೆ ಪೂರ್ಣ ವೈದ್ಯ, ಹಳ್ಳಿಯ ಬಡವರಿಗೆ ಅರ್ಧ ವೈದ್ಯ, ಇದು ನ್ಯಾಯವೇ? ಈ ಪ್ರಶ್ನೆ ಹಳೆಯದು. ಬ್ರಿಟಿಷರ ಕಾಲದಲ್ಲಿ ಪದವಿಗಿಂತ ಕಡಿಮೆ ಅವಧಿಯ ಶಿಕ್ಷಣ ಪಡೆದ ಲೈಸೆನ್ಷಿಯೇಟ್ ವೈದ್ಯರಿದ್ದರು. 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿಯು ಆ ಪದ್ಧತಿಯನ್ನು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯ ಶಿಕ್ಷಣವಿರಲೆಂದು ಸೂಚಿಸಿತು. ಸಮಿತಿಯ ಕೆಲವು ಸದಸ್ಯರು ಇದಕ್ಕೆ ಒಪ್ಪಲಿಲ್ಲ. ಬಹುಮತದ ಆದರ್ಶ ಉದಾತ್ತವಾದುದೇ. ಆದರೆ ಪದವೀಧರ ವೈದ್ಯರು ಹಳ್ಳಿಗಳಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ನೆಲೆಸಲಿಲ್ಲ. ಆ ತೆರವಾದ ಜಾಗವನ್ನು ಅನೇಕ ಕಡೆ ತುಂಬಿದವರು ಯಾವ ಶಿಕ್ಷಣವೂ ಇಲ್ಲದೆ ಸೂಜಿ ಚುಚ್ಚುವ ನಕಲಿ ವೈದ್ಯರು.

ಆದ್ದರಿಂದ ಹೋಲಿಕೆಯನ್ನು ಸರಿಯಾದ ಸ್ಥಳದಲ್ಲಿ ಮಾಡಬೇಕು. ಊರಿನಲ್ಲಿ ಇಲ್ಲದ ವೈದ್ಯನೊಡನೆ ಈ ಅಧಿಕಾರಿಯನ್ನು ಹೋಲಿಸಿ ಕೀಳೆನ್ನುವುದರಲ್ಲಿ ಅರ್ಥವಿಲ್ಲ. ಇವರು ತಮ್ಮ ಕೆಲಸಕ್ಕೆ ತಕ್ಕ ಶಿಕ್ಷಣ ಪಡೆದಿದ್ದಾರೆಯೇ ಎಂದು ಕೇಳೋಣ. ವೈದ್ಯನು ಗುಣಪಡಿಸುವುದು ಮಾನವನೆಂಬ ಸಾಮಾನ್ಯ ಕಲ್ಪನೆಯನ್ನಲ್ಲ, ಹೆಸರುಳ್ಳ ಒಬ್ಬ ವ್ಯಕ್ತಿಯನ್ನು ಎಂದು ಅರಿಸ್ಟಾಟಲ್ ತಿಳಿಸಿದ್ದಾನೆ. ಐದು ಸಾವಿರ ಜನರನ್ನು ಮನೆಮನೆಯಾಗಿ ಬಲ್ಲವರಿಗೆ ಆ ವ್ಯಕ್ತಿಯ ಪರಿಚಯ ಸಹಜವಾಗಿ ಒದಗುತ್ತದೆ. ಸಂತ ಥಾಮಸ್ ಅಕ್ವೈನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ, ಇತರರಿಂದ ಕಲಿಯುವ ವಿನಯವನ್ನೂ ಅದರಲ್ಲಿ ಸೇರಿಸಿದರು. ಪ್ರಾಥಮಿಕ ಆರೈಕೆಯ ಮರ್ಮವೂ ಇದೇ: ಯಾವುದನ್ನು ತಾನೇ ನೋಡಿಕೊಳ್ಳಬಹುದು, ಯಾವುದನ್ನು ತಡಮಾಡದೆ ಮುಂದಕ್ಕೆ ಕಳುಹಿಸಬೇಕು ಎಂಬ ಅರಿವು. ಹೊಲದಲ್ಲಿ ಹಾವು ಕಚ್ಚಿದವನಿಗೆ ಧೈರ್ಯ ಹೇಳಿ, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು, ಗಾಯವನ್ನು ಕೊಯ್ಯಲು ಬಿಡದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸುವವರು ಅರ್ಧ ವೈದ್ಯರಲ್ಲ. ಆ ಗಳಿಗೆಗೆ ಬೇಕಾದ ಪೂರ್ಣ ಕರ್ತವ್ಯವನ್ನು ಮಾಡಿದವರು.

ಇದು ಬಡ ದೇಶಗಳ ಅನಿವಾರ್ಯತೆ ಮಾತ್ರವೂ ಅಲ್ಲ. ಬ್ರಿಟನ್ನಿನಲ್ಲಿ ಆಂಬುಲೆನ್ಸಿನ ಪ್ಯಾರಾಮೆಡಿಕ್‌ಗಳು ಸ್ನಾತಕೋತ್ತರ ಶಿಕ್ಷಣ ಪಡೆದು ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲಿ ರೋಗಿಗಳನ್ನು ನೋಡುತ್ತಾರೆ. ಹೆಚ್ಚಿನ ತರಬೇತಿ ಪಡೆದವರಿಗೆ ಸ್ವತಂತ್ರವಾಗಿ ಔಷಧ ಬರೆಯಲು 2018ರಿಂದ ಕಾನೂನು ಅವಕಾಶ ಕೊಟ್ಟಿದೆ. ನಮ್ಮ ದೇಶದಲ್ಲಿಯೂ, ಗುಂಟೂರಿನಲ್ಲಿ ಸೇವೆಗೈದ ವೈದ್ಯ ಸಂನ್ಯಾಸಿನಿ ಸಿಸ್ಟರ್ ಮೇರಿ ಗ್ಲೌರಿಯವರು ಸ್ಥಳೀಯ ಹೆಣ್ಣುಮಕ್ಕಳನ್ನು ದಾದಿಯರಾಗಿ, ಸೂಲಗಿತ್ತಿಯರಾಗಿ ತರಬೇತುಗೊಳಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಟನೆಗೆ ಅಡಿಗಲ್ಲು ಹಾಕಿದವರೂ ಅವರೇ.

ಆದರೆ ಹೊಣೆಯನ್ನು ಹೊರಿಸಿದ ಮೇಲೆ ಆಸರೆಯನ್ನೂ ಕೊಡಬೇಡವೇ? ಆರು ತಿಂಗಳ ಪಾಠ ಜೀವಮಾನಕ್ಕೆ ಸಾಲದು. ಈ ಅಧಿಕಾರಿಗಳು ಸಾಮಾನ್ಯವಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ದುಡಿಯುವವರು. ನಾಳೆಯ ಭರವಸೆಯಿಲ್ಲದವರು ಊರಿನ ನಂಬಿಕೆಯನ್ನು ಹೇಗೆ ಬೆಳೆಸಿಯಾರು? 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ನಮ್ಮ ಜಿಲ್ಲೆಗೆ ಈಗ ಸ್ವಂತ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಪ್ರಾಧ್ಯಾಪಕರು ತಿಂಗಳಿಗೊಂದು ದಿನ ಈ ಅಧಿಕಾರಿಗಳನ್ನು ಕೂಡಿಸಿ, ಅವರು ಕಂಡ ರೋಗಿಗಳನ್ನೇ ಪಾಠವಾಗಿಸಿ ಕಲಿಸುವಂತಾದರೆ, ಆರು ತಿಂಗಳಲ್ಲಿ ಮುಗಿದುಹೋಗುವ ಓದು ನಿರಂತರ ಅಭ್ಯಾಸವಾದೀತು. ಕಳುಹಿಸಿದ ರೋಗಿಗೆ ಮುಂದೇನಾಯಿತೆಂಬ ನಾಲ್ಕು ಸಾಲಿನ ಉತ್ತರ ಉಪಕೇಂದ್ರಕ್ಕೆ ಮರಳಿ ಬಂದರೂ ಅದೇ ದೊಡ್ಡ ಶಿಕ್ಷಣ.

ಓದುಗರೇ, ನಮ್ಮ ಪಾಲಿನ ಕರ್ತವ್ಯ ಸಣ್ಣದು. ನಿಮ್ಮ ಊರಿನ ಉಪಕೇಂದ್ರದ ಬಾಗಿಲು ಎಲ್ಲಿದೆ, ಅಲ್ಲಿರುವವರ ಹೆಸರೇನು ಎಂದು ತಿಳಿದುಕೊಳ್ಳಿ. ಮನೆಯಲ್ಲಿ ಮೂವತ್ತು ದಾಟಿದವರನ್ನು, ವಿಶೇಷವಾಗಿ ‘ನನಗೇನಾಗಿದೆ’ ಎನ್ನುವ ತಾಯಂದಿರನ್ನು, ಒಮ್ಮೆ ಕರೆದೊಯ್ದು ತೋರಿಸಿ. ಸೇವೆ ಸರಿಯಿಲ್ಲವಾದರೆ ಗ್ರಾಮಸಭೆಯಲ್ಲಿ ಕೇಳಿ. ಸರಿಯಿದ್ದರೆ ಆ ದಾದಿಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ.