ಆಟದ ಲಾರಿಯ ಲಾಭನಷ್ಟ

ಹಿರಿಯೂರಿನ ಬಳಿ ಹೆದ್ದಾರಿಯ ಬದಿಗೆ ಅರ್ಧ ಗಂಟೆ ನಿಂತು ನೋಡಿ. ಬೆಂಗಳೂರಿನಿಂದ ಚಿತ್ರದುರ್ಗದತ್ತ ಸಾಗುವ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಆ ಚಾಲಕರ ದುಡಿಮೆಯನ್ನೇ ಈಗ ಕಂಪ್ಯೂಟರಿನ ಆಟವಾಗಿ ಮಾಡಿದ್ದಾರೆಂದರೆ ಹಿರಿಯರಿಗೆ ನಗು ಬಂದೀತು. ಆದರೆ ನಿಮ್ಮ ಮನೆಯ ಹುಡುಗ ಅದರಲ್ಲಿ ಮುಳುಗಿದ್ದರೆ ಆಟದ ಒಳಗುಟ್ಟನ್ನು ತಿಳಿದಿರುವುದು ಒಳ್ಳೆಯದು.

ಇಂಥ ಆಟಗಳಲ್ಲಿ ಹೆಸರಾದದ್ದು, ಜೆಕ್ ದೇಶದ ಎಸ್.ಸಿ.ಎಸ್. ಸಾಫ್ಟ್‌ವೇರ್ ಸಂಸ್ಥೆ 2012ರಲ್ಲಿ ಹೊರತಂದ 'ಯೂರೋ ಟ್ರಕ್ ಸಿಮ್ಯುಲೇಟರ್ 2'. ಅದರ ರಸ್ತೆಗಳು ಯೂರೋಪಿನವು; ಲೆಕ್ಕಾಚಾರ ಮಾತ್ರ ನಮ್ಮ ಲಾರಿ ಮಾಲೀಕರೆಲ್ಲ ಬಲ್ಲದ್ದೇ. ಮೊದಲು ನೀವು ಸಂಬಳದ ಚಾಲಕ. ಲಾರಿ ಪರರದು, ಡೀಸೆಲ್ ಖರ್ಚೂ ಅವರದೇ. ಮುಂದೆ ಬ್ಯಾಂಕಿನಿಂದ ಸಾಲ ತೆಗೆದು ಸ್ವಂತ ಲಾರಿ ಕೊಳ್ಳಬಹುದು. ಆಗ ಬಾಡಿಗೆ ಹೆಚ್ಚು. ಆದರೆ ಡೀಸೆಲ್, ರಿಪೇರಿ, ಸಾಲದ ಕಂತು ಎಲ್ಲವೂ ನಿಮ್ಮ ತಲೆಯ ಮೇಲೆ. ಕೊನೆಗೆ ಗ್ಯಾರೇಜುಗಳನ್ನು ಕೊಂಡು ಚಾಲಕರನ್ನು ನೇಮಿಸಿಕೊಳ್ಳುತ್ತೀರಿ. ಹೊಸದುರ್ಗದಿಂದ ತೆಂಗಿನಕಾಯಿಯನ್ನೋ ಹೊಳಲ್ಕೆರೆಯಿಂದ ಅಡಿಕೆಯನ್ನೋ ಹೇರಿ ಹೊರಟವನಿಗೆ ವಾಪಸು ಲೋಡಿನ ಬೆಲೆ ಗೊತ್ತು. ಆಟದಲ್ಲಿಯೂ ಹಾಗೆಯೇ: ನೇಮಿಸಿದವನು ಖಾಲಿ ಗಾಡಿಯಲ್ಲಿ ಮರಳಿದರೆ ಆ ಓಟಕ್ಕೆ ಕಾಸಿಲ್ಲ.

ತೊಡಕು ಇರುವುದು ಇಲ್ಲಿಯೇ. ಆಳುಗಳು ಹೆಚ್ಚಿದಂತೆ ಹಣ ತಾನಾಗಿಯೇ ಸೇರುತ್ತದೆ. ನೀವು ಸ್ವತಃ ಓಡಿಸಿ ಗಳಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ. ಸ್ಟೀರಿಂಗು ಹಿಡಿಯಲೆಂದು ಬಂದವನು ಗುಮಾಸ್ತನಾಗಿ ಕೂರುತ್ತಾನೆ; ಆಟ ಬೇಸರವಾಗುತ್ತದೆ.

ಆದ್ದರಿಂದ ಸಾಲಕ್ಕೆ ಆತುರಪಡಬೇಡಿ. ಪರರ ಲಾರಿಗಳಲ್ಲಿ ಹತ್ತಾರು ಊರು ಸುತ್ತಿ, ಯಾವ ಗಾಡಿ ನಿಮ್ಮ ಕೈಗೆ ಹೊಂದುತ್ತದೆಂದು ತಿಳಿಯಿರಿ. ಸ್ವಂತ ಲಾರಿ ಬಂದ ಮೇಲೆ, ಕಂತು ಕಟ್ಟುವಷ್ಟು ಆದಾಯವಿದ್ದರೆ, ಬಾಡಿಗೆಗಿಂತ ದಾರಿಯನ್ನು ನೋಡಿ ಸರಕು ಆರಿಸಿ. ನಿಧಾನವಾಗಿ ಹೋದರೆ ನಷ್ಟವೆಂದು ತಿಳಿಯಬೇಡಿ. ಅತಿವೇಗಕ್ಕೆ ದಂಡವುಂಟು, ಸರಕು ಕೆಟ್ಟರೆ ಬಾಡಿಗೆಯಲ್ಲಿ ಕಡಿತವುಂಟು. ಚಾಲಕರ ನೇಮಕ ಕಡೆಯ ಮಾತಾಗಿರಲಿ.

ಇನ್ನೊಂದು ವಿಷಯ. ಈ ಆಟದಲ್ಲಿ ಚಾಲಕನಿಗೆ ದಣಿವೂ ಉಂಟು. ವಿಶ್ರಾಂತಿಯಿಲ್ಲದೆ ಓಡಿಸಿದರೆ ಕಣ್ಣು ಕತ್ತಲಿಡುತ್ತದೆ, ದಂಡವೂ ಬೀಳುತ್ತದೆ. ಬೇಡವೆಂದರೆ ಆ ನಿಯಮವನ್ನು ತೆಗೆದುಹಾಕುವ ಅನುಕೂಲವಿದೆ. ದಯವಿಟ್ಟು ತೆಗೆಯಬೇಡಿ. ಬಾಡಿಗೆಯ ಆಸೆಗೂ ನಿದ್ದೆಗೂ ನಡುವೆ ಚಾಲಕ ಹೇಗೆ ತೂಗಾಡುತ್ತಾನೆಂದು ಆಗ ನಿಮಗೆ ತಿಳಿಯುತ್ತದೆ. ಚಿತ್ರದುರ್ಗದ ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವವನಿಗೆ ಆ ಅನುಕೂಲವಿಲ್ಲ. ಢಾಬಾದ ಅಂಗಳದಲ್ಲಿ ಲಾರಿ ನಿಲ್ಲಿಸಿ ಮಲಗಿದವನನ್ನು ಕಂಡಾಗ, ಅವನೂ ಲೆಕ್ಕ ಹಾಕಿಯೇ ಮಲಗಿದ್ದಾನೆಂದು ನೆನೆದು ಹಾರ್ನ್ ಹೊಡೆಯದೆ ಮುಂದೆ ಸಾಗಿ.