ಕಪಾಟಿನಲ್ಲೊಂದು ಪಾನಕದ ಕಟ್ಟೆ

ಪ್ರತಿ ಮನೆಯಲ್ಲೂ ಒಂದು ಅನಾಥ ಕಪಾಟು ಇರುತ್ತದೆ. ಮುರಿದ ಕೊಡೆ, ಕಳೆದ ವರ್ಷದ ಗೈಡುಗಳು, ಮುಚ್ಚಳ ಕಳೆದುಕೊಂಡ ಡಬ್ಬಿಗಳು, ಯಾರಿಗೂ ಬೇಡವಾದರೂ ಎಸೆಯಲು ಮನಸ್ಸಾಗದ ವಸ್ತುಗಳೆಲ್ಲ ಅಲ್ಲಿ ತುಂಬಿರುತ್ತವೆ. ಅಗಲ ಮೂರಡಿ, ಆಳ ಎರಡಡಿ, ಎತ್ತರ ಆರೂವರೆ ಅಡಿ. ದೊಡ್ಡ ಊರುಗಳಲ್ಲಿ ಇಂಥ ಕಪಾಟನ್ನು ಖಾಲಿ ಮಾಡಿ, ದೀಪ ಹಚ್ಚಿ, ಬಾಟಲಿ ಜೋಡಿಸಿ ‘ಹೋಮ್ ಬಾರ್’ ಮಾಡಿಕೊಳ್ಳುವ ಶೋಕಿ ಬಂದಿದೆ. ಕಪಾಟು ಖಾಲಿ ಮಾಡುವುದೇನೋ ಒಳ್ಳೆಯದೇ. ಆದರೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗ, ಪಿಯುಸಿ ಓದುವ ಮಗಳು ಇದ್ದಾಗ ಅಲ್ಲಿ ಏನು ಜೋಡಿಸಬೇಕು?

ಕಾಕ್‌ಟೇಲ್ ಎಂಬುದು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಹೊಸ ಶಬ್ದವೇನಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರೇ ಬಿತ್ತು. ಬಂಗಲೆಗಳು, ಗಾಲ್ಫ್ ಮೈದಾನ, ಕ್ಲಬ್ಬು, ಕ್ಲಬ್ಬಿನಲ್ಲೊಂದು ಬಾರು. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ವಿದ್ಯುತ್ ಇಲ್ಲಿಗೆ ಹರಿದು ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಮೂರು ವರ್ಷಗಳ ನಂತರ, 1905ರಲ್ಲಿ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್‌ನ ಕಹಿಯನ್ನು ಮರೆಸಲು ಸಕ್ಕರೆ, ಸೋಡ, ನಿಂಬೆ, ಜಿನ್ ಬೆರೆಸಿ ಕುಡಿಯುವುದು ಭಾರತದಲ್ಲಿದ್ದ ಆಂಗ್ಲರ ಸಂಜೆಯ ರೂಢಿ.

ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ ಗಣಿ ಕಾರ್ಮಿಕರ ‘ಲೈನು’ಗಳಿದ್ದವು. ಬಿದಿರು ತಟ್ಟಿಯ ಗುಡಿಸಲು, ಮುಂದೆ ಸಾಲು ಮನೆಗಳು. ಅಲ್ಲಿ ಕಪಾಟಿಗೇ ಜಾಗವಿರಲಿಲ್ಲ, ಇನ್ನು ಬಾರೆಲ್ಲಿ? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಯಂತ್ರಗಳಿಂದ ತಂಪಾಗಿಸಿದ ಗಾಳಿಯನ್ನು ಕೆಳಗೆ ಕಳಿಸಬೇಕಿತ್ತು. ಆ ಕಾವಿನಲ್ಲಿ ಬೆವರು ಬಸಿದು ಮೇಲೆ ಬಂದವನ ದೇಹ ಕೇಳುತ್ತಿದ್ದುದು ನೀರು ಮತ್ತು ಉಪ್ಪನ್ನು. ದಾರಿಯಲ್ಲಿ ಕೈಗೆ ಸಿಗುತ್ತಿದ್ದುದು ಮಾತ್ರ ಸಾರಾಯಿ. ಸಂಬಳದ ದಿನ ಎಷ್ಟೋ ಮನೆಗಳ ದುಡ್ಡು ಮನೆ ಸೇರುವ ಮೊದಲೇ ಕರಗಿ ಹೋಗುತ್ತಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು; ಕುಡಿತವೇನೂ ನಿಲ್ಲಲಿಲ್ಲ. ಈ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿರುವ ಊರಿನಲ್ಲಿ ಕಪಾಟಿನೊಳಗೆ ಏನಿಡಬೇಕು ಎಂಬುದು ಬರೀ ಅಲಂಕಾರದ ಪ್ರಶ್ನೆಯಲ್ಲ.

ನಾಲ್ಕರಲ್ಲಿ ಒಂದನ್ನು ಕಳೆಯಿರಿ

1806ರಲ್ಲಿ ಅಮೆರಿಕದ ಒಂದು ಪತ್ರಿಕೆ ಓದುಗರ ಪ್ರಶ್ನೆಗೆ ಉತ್ತರವಾಗಿ ಕಾಕ್‌ಟೇಲ್ ಎಂದರೇನು ಎಂದು ವಿವರಿಸಿತ್ತು. ಅದರ ಪ್ರಕಾರ ಅದರಲ್ಲಿ ಇರಬೇಕಾದವು ನಾಲ್ಕು: ಮದ್ಯ, ಸಕ್ಕರೆ, ನೀರು, ಕಹಿ. ಮೊದಲನೆಯದನ್ನು ತೆಗೆದುಬಿಡಿ. ಉಳಿದದ್ದು ಏನು? ಸಿಹಿ, ನೀರು, ಕಹಿ. ಅದಕ್ಕೆ ನಮ್ಮವರ ಹುಳಿ, ಉಪ್ಪು, ಖಾರ ಸೇರಿಸಿದರೆ ರಾಮನವಮಿಯ ಪಾನಕದ ಮನೆ ಬಾಗಿಲಿಗೇ ಬಂದು ನಿಂತೆವು! ಬೆಲ್ಲ, ಶುಂಠಿ, ಏಲಕ್ಕಿ, ಕಾಳುಮೆಣಸು, ನಿಂಬೆಹಣ್ಣು. ಹದವಾಗಿ ಬೆರೆಸುವ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ಬಂಗಾರಪೇಟೆಗೆ ಬನ್ನಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎನಿಸಿದ್ದ ಈ ರೈಲು ಜಂಕ್ಷನ್ನಿನ ಹೆಸರು ಇಂದು ಊರೂರಿಗೆ ಹರಡಿರುವುದು ಪಾನಿಪೂರಿಯಿಂದ. ಬೇರೆಡೆ ಪಾನಿ ಹಸಿರು. ಬಂಗಾರಪೇಟೆಯ ಪಾನಿ ಬಾವಿ ನೀರಿನಷ್ಟು ತಿಳಿ. ನೋಡಿದರೆ ಏನೂ ಇಲ್ಲ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು! ರುಚಿ ಬೇರೆ, ಬಣ್ಣ ಬೇರೆ ಎಂಬ ಪಾಠವನ್ನು ಇಷ್ಟು ಚುರುಕಾಗಿ ಕಲಿಸುವ ಪ್ರಯೋಗಶಾಲೆ ಇನ್ನೊಂದಿಲ್ಲ.

ಹಾಗಾದರೆ ಆ ಅನಾಥ ಕಪಾಟನ್ನು ಪಾನಕದ ಕಟ್ಟೆ ಮಾಡೋಣ. ಎರಡು ಭಾನುವಾರದ ಕೆಲಸ.

ಮೊದಲ ಭಾನುವಾರ: ಅಳತೆ, ಹಲಗೆ

ಕಪಾಟು ಪೂರ್ತಿ ಖಾಲಿಯಾಗಲಿ. ಗೋಡೆಗೆ ಅಂಗೈ ಒತ್ತಿ ನೋಡಿ. ತೇವವಿದ್ದರೆ ಅದರ ಮೂಲ ಹುಡುಕದೆ ಮುಂದೆ ಹೋಗಬೇಡಿ. ಮೂಲೆಗಳಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ. ಹಳೆಯ ಕ್ವಾರ್ಟರ್ಸ್ ಅಥವಾ ಬಾಡಿಗೆ ಮನೆಯಾದರೆ ಗೋಡೆಗೆ ಮೊಳೆ ಹೊಡೆಯುವ ಗೊಡವೆ ಬೇಡ. ನೆಲದ ಮೇಲೆ ತಾನೇ ನಿಲ್ಲುವ ಮರದ ಚೌಕಟ್ಟನ್ನು ಒಳಗೆ ಕೂರಿಸಿದರೆ ಗೋಡೆಗೆ ನೋವಿಲ್ಲ, ಮನೆ ಬಿಡುವಾಗ ಕಟ್ಟೆಯೂ ಜೊತೆಗೆ ಬರುತ್ತದೆ.

ನೆಲದಿಂದ ಮೂರಡಿ ಎತ್ತರಕ್ಕೆ ಒಂದು ಹಲಗೆ. ಬೆರೆಸುವ ಕೆಲಸವೆಲ್ಲ ಅದರ ಮೇಲೆ. ಕೈಯಾಡಿಸುವವರು ಚಿಕ್ಕ ಮಕ್ಕಳಾದರೆ ಎರಡೂವರೆ ಅಡಿ ಸಾಕು. ಅದರ ಮೇಲೆ ಕಡಪ ಕಲ್ಲಿನ ತುಂಡೋ ಸನ್‌ಮೈಕಾವೋ ಇದ್ದರೆ ಒರೆಸಲು ಸಲೀಸು. ಮೇಲೆ ಒಂದೊಂದಡಿ ಅಂತರದಲ್ಲಿ ಎರಡು ಹಲಗೆ. ಮುಂಭಾಗಕ್ಕೆ ಒಂದಂಗುಲದ ಪಟ್ಟಿ, ಬಾಟಲಿ ಜಾರದಂತೆ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಲೆಕ್ಕ. 750 ಮಿಲಿಲೀಟರಿನ ಗಾಜಿನ ಬಾಟಲಿಯ ತೂಕ ಸುಮಾರು ಅರ್ಧ ಕಿಲೋ. ಅದರ ತುಂಬ ಗಟ್ಟಿ ಸಕ್ಕರೆ ಪಾಕವಿದ್ದರೆ ಇನ್ನೊಂದು ಕಿಲೋ. ಬಾಟಲಿಯ ಅಡ್ಡಳತೆ 8 ಸೆಂಟಿಮೀಟರಾದರೆ ಮೂರಡಿಯ ಹಲಗೆಯ ಮೇಲೆ ಒಂದು ಸಾಲಿನಲ್ಲಿ ಎಷ್ಟು ನಿಲ್ಲುತ್ತವೆ? ಹನ್ನೊಂದು. ಒಟ್ಟು ಭಾರ ಹದಿನಾರೂವರೆ ಕಿಲೋ! ಮುಕ್ಕಾಲು ಅಂಗುಲಕ್ಕಿಂತ ತೆಳುವಾದ ಪ್ಲೈವುಡ್ ಬಿಲ್ಲಿನಂತೆ ಬಾಗುವುದು ಇದಕ್ಕೇ. ನಡುವೆ ಒಂದು ಆಸರೆ ಕೊಟ್ಟರೆ ನಿಶ್ಚಿಂತೆ.

ದೀಪಕ್ಕೆ ಐದು ವಾಟಿನ ಎಲ್‌ಇಡಿ ಸಾಕು. ಆದರೆ ನೀರಾಡುವ ಜಾಗವಾದ್ದರಿಂದ ತಂತಿಯ ಕೆಲಸವನ್ನು ಬಲ್ಲ ಎಲೆಕ್ಟ್ರೀಷಿಯನ್ನರಿಗೇ ಬಿಡಿ. ಚಿಕ್ಕ ಫ್ರಿಜ್ಜನ್ನು ಕಪಾಟಿನೊಳಗೆ ತುರುಕುವ ಆಸೆಯೂ ಬೇಡ. ಫ್ರಿಜ್ಜು ಒಳಗಿನ ಶಾಖವನ್ನು ಹೊರಕ್ಕೆ ದೂಡುವ ಯಂತ್ರ. ಸುತ್ತ ಗಾಳಿಯಾಡದಿದ್ದರೆ ಆ ಶಾಖ ಹೋಗುವುದೆಲ್ಲಿಗೆ? ಮಣ್ಣಿನ ಮಡಕೆಯದೂ ಇದೇ ಮಾತು. ಅದರ ಮೈಯಿಂದ ನೀರು ಆವಿಯಾದಾಗಲೇ ಒಳಗಿನ ನೀರು ತಂಪಾಗುವುದು. ಕಪಾಟಿನಲ್ಲಿ ಬಚ್ಚಿಟ್ಟರೆ ನೀರೂ ತಂಪಾಗದು, ಹಲಗೆಯೂ ಕೊಳೆಯುತ್ತದೆ. ಮಡಕೆ ಕಪಾಟಿನ ಪಕ್ಕದಲ್ಲಿ, ಕಿಟಕಿಯ ಗಾಳಿಗೆ ಇರಲಿ.

ಎರಡನೆಯ ಭಾನುವಾರ: ನೀರು, ಪಾಕ

ಕಟ್ಟೆಯ ಮುಖ್ಯ ಸಾಮಗ್ರಿ ನೀರು. ಕೋಲಾರ ಸೀಮೆಯಲ್ಲಿ ಅದೇ ದೊಡ್ಡ ಪ್ರಶ್ನೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್‌ಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಜಲಾಶಯ ಗಣಿ ಊರಿಗೆ ನೀರುಣಿಸಿದ ಕಾಲವಿತ್ತು. ಆಮೇಲೆ ಎಲ್ಲರೂ ಕೊಳವೆಬಾವಿಯ ಮೊರೆ ಹೋದರು. ಆಳಕ್ಕೆ ಹೋದಂತೆ ಹಲವೆಡೆ ನೀರಿನಲ್ಲಿ ಫ್ಲೋರೈಡ್ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಅದು ಮಕ್ಕಳ ಹಲ್ಲಿಗೆ ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ ಪೆಟ್ಟು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಹೀಗಾಗಿ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಪಾನಕಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಾದರೂ ಅದರ ಉದ್ದೇಶ ಅಂತರ್ಜಲ ಏರಿಸುವುದು, ನೇರವಾಗಿ ಕುಡಿಯುವುದಲ್ಲ.

ಮುಂದಿನದು ಪಾಕ. ತೂಕದಲ್ಲಿ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು. ಕಾಯಿಸಿ ಕರಗಿಸಿ, ಆರಿಸಿ, ಒಣಗಿದ ಬಾಟಲಿಗೆ ತುಂಬಿ. ಇಷ್ಟು ಗಟ್ಟಿ ಪಾಕ ಬೇಗ ಕೆಡುವುದಿಲ್ಲ. ಏಕೆಂದರೆ ಸಕ್ಕರೆ ಸೂಕ್ಷ್ಮಾಣುಗಳ ಮೈಯಲ್ಲಿನ ನೀರನ್ನೇ ಹೀರಿಬಿಡುತ್ತದೆ. ಜೀವಶಾಸ್ತ್ರದಲ್ಲಿ ಓದುವ ಅಭಿಸರಣ ಇದೇ. ನೀರು ಬೆರೆಸಿದ ಬೆಲ್ಲದ ಪಾನಕ ಹಾಗಲ್ಲ. ಬೇಸಿಗೆಯಲ್ಲಿ ಎರಡು ದಿನ ಹೊರಗಿಟ್ಟರೆ ಯೀಸ್ಟ್ ಕೆಲಸ ಶುರುಮಾಡಿ, ನೊರೆಯೆದ್ದು, ನೀವು ಬೇಡವೆಂದ ಬಾರು ತಾನಾಗಿಯೇ ಹುಟ್ಟಿಕೊಳ್ಳುತ್ತದೆ! ಆದ್ದರಿಂದ ಪಾಕವನ್ನು ಕೂಡಿಡಿ, ಪಾನಕವನ್ನು ಆಗಿಂದಾಗ ಬೆರೆಸಿ.

ಒಂದು ಲೋಟಕ್ಕೆ ಹದ ಇದು: ಪಾಕ 20 ಮಿಲಿ, ನಿಂಬೆರಸ 15 ಮಿಲಿ, ತಣ್ಣೀರು 150 ಮಿಲಿ, ಒಂದು ಚಿಟಿಕೆ ಉಪ್ಪು. ಅಳೆಯಲು ಕೆಮ್ಮಿನ ಔಷಧದ ಜೊತೆ ಬರುವ ಮುಚ್ಚಳವನ್ನು ತೊಳೆದಿಟ್ಟುಕೊಂಡರೆ ಸಾಕು. ಈ ಲೋಟದಲ್ಲಿ ಸಕ್ಕರೆ ಸುಮಾರು 17 ಗ್ರಾಂ. ವಯಸ್ಕರು ಹೀಗೆ ಸೇರಿಸಿದ ಸಕ್ಕರೆಯನ್ನು ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ದಿನಕ್ಕೊಂದು ಲೋಟ. ಮತ್ತೆ ಬಾಯಾರಿದರೆ ಮಜ್ಜಿಗೆ ಇದ್ದೇ ಇದೆ.

ಈ ಹದ ಕೈಗೆ ಹತ್ತಿದ ಮೇಲೆ ನಿಮ್ಮ ಸೀಮೆಯೇ ನಿಮ್ಮ ಬಾಟಲಿಗಳನ್ನು ತುಂಬುತ್ತದೆ. ಶ್ರೀನಿವಾಸಪುರದ ಮಾವಿನಕಾಯಿ ಬೇಯಿಸಿ ಕಿವುಚಿದ ತಿರುಳು, ಸೊಗದೆ ಬೇರಿನ ಶರಬತ್ತು, ಹುಣಸೆ ರಸ, ಶುಂಠಿ ಕಷಾಯ. ಕಹಿಗೆ ಕಿತ್ತಳೆ ಅಥವಾ ಹೇರಳೆಕಾಯಿಯ ಸಿಪ್ಪೆ ನೆನೆಸಿದ ಪಾಕ. ಬಂಗಾರಪೇಟೆಯ ಪಾಠ ನೆನಪಿದ್ದರೆ ಹಸಿಮೆಣಸನ್ನು ಅರೆಯದೆ ಸೀಳಿ ನೀರಿನಲ್ಲಿ ನೆನೆಸಿ ಸೋಸಿ. ಲೋಟ ತಿಳಿಯಾಗಿಯೇ ಇರುತ್ತದೆ, ನೆಂಟರು ಬೆಚ್ಚಿಬೀಳುತ್ತಾರೆ.

ಲೋಟದಲ್ಲೊಂದು ಪ್ರಯೋಗ

ಪರೀಕ್ಷೆ ಮುಗಿದ ಮಕ್ಕಳಿಗೆ ಈ ಕಟ್ಟೆ ಒಂದು ಪ್ರಯೋಗಶಾಲೆಯೂ ಹೌದು. ನೀಲಿ ಶಂಖಪುಷ್ಪದ ನಾಲ್ಕು ಹೂವನ್ನು ತೊಳೆದು ಬಿಸಿನೀರಿಗೆ ಹಾಕಿ, ನೀರು ಕಡುನೀಲಿ. ಅದಕ್ಕೆ ನಿಂಬೆರಸ ಹನಿಸಿದರೆ ನೇರಳೆ, ಇನ್ನಷ್ಟು ಹನಿಸಿದರೆ ಗುಲಾಬಿ. ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ಹೂವು ಲೋಟದಲ್ಲೇ ಮಾಡಿ ತೋರಿಸುತ್ತದೆ. ಇನ್ನೊಂದು: ಮೊದಲು ಪಾಕ ಹಾಕಿ, ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಬಣ್ಣದ ನೀರು ಸುರಿಯಿರಿ. ಎರಡು ಪದರ ನಿಲ್ಲುತ್ತವೆ. ಸಾಂದ್ರತೆ ಎಂದರೇನೆಂದು ಉರುಹೊಡೆಯುವ ಅಗತ್ಯವಿಲ್ಲ.

ಸೋಡದ್ದು ಇನ್ನೂ ಸೊಗಸಾದ ಕಥೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಪಕ್ಕದ ಬಿಯರ್ ಕಾರ್ಖಾನೆಯ ಹುದುಗುವ ತೊಟ್ಟಿಯಿಂದ ಏಳುತ್ತಿದ್ದ ಅನಿಲವನ್ನು ನೀರಿಗೆ ಬೆರೆಸಿ ಕುಡಿದು ನೋಡಿದ. ಮದ್ಯದ ತೊಟ್ಟಿಯ ಪಕ್ಕದಲ್ಲೇ ಮದ್ಯವಿಲ್ಲದ ಪಾನೀಯ ಹುಟ್ಟಿತು! 1872ರಲ್ಲಿ ಹೈರಾಮ್ ಕಾಡ್ ಗಾಜಿನ ಗೋಲಿಯಿಂದ ಬಾಯಿ ಮುಚ್ಚುವ ಬಾಟಲಿಗೆ ಪೇಟೆಂಟ್ ಪಡೆದ. ನಮ್ಮ ಗೋಲಿಸೋಡ ಅದೇ. ಅನಿಲ ತಣ್ಣೀರಿನಲ್ಲಿ ಹೆಚ್ಚು ಕರಗಿರುತ್ತದೆ; ಹಾಗಾಗಿ ಸೋಡ ತಣ್ಣಗಿರಲಿ, ಲೋಟದ ಅಂಚಿನಿಂದ ಇಳಿಸಿ, ಎಂದೂ ಕುಲುಕಬೇಡಿ.

ಒಂದು ಹದವನ್ನು ಮಾತ್ರ ಪ್ರತಿ ಮಗುವೂ ಬಾಯಿಪಾಠ ಮಾಡಲಿ: ಒಂದು ಲೀಟರ್ ಶುದ್ಧ ನೀರು, ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಜೀವ ಹಿಡಿದು ನಿಲ್ಲಿಸುವ ನೀರು ಇದು. ಇಲ್ಲಿ ಕೈಯಳತೆ, ಕಣ್ಣಂದಾಜು ನಡೆಯದು. ಕಪಾಟಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿ.

ಯಾರಿಗಾಗಿ ಈ ಕಟ್ಟೆ?

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಈ ಊರಿನ ದುಡಿಮೆ ರೈಲು ಹತ್ತಿದೆ. ಮಾರಿಕುಪ್ಪಂ, ಕೋರಮಂಡಲ, ಬಂಗಾರಪೇಟೆಗಳಲ್ಲಿ ಬೆಳಗಿನ ಕತ್ತಲಲ್ಲೇ ಗಾಡಿ ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಮರಳುವವರು ಸಾವಿರಾರು. ಮಕ್ಕಳು ಎದ್ದಿರುವ ಹೊತ್ತಿನಲ್ಲಿ ಅಪ್ಪ ಅಮ್ಮ ಮನೆಯಲ್ಲಿರುವುದು ದಿನಕ್ಕೆ ಒಂದೋ ಎರಡೋ ಗಂಟೆ. ಆ ಹೊತ್ತು ಟೀವಿಗೋ ಮೊಬೈಲಿಗೋ ಹೋಗುವುದು ಸುಲಭ. ದಣಿದವರು ಹೊರಗೇ ಎಲ್ಲೋ ನಿಂತು ‘ಸುಸ್ತು ಕಳೆದುಕೊಂಡು’ ಬರುವುದು ಇನ್ನೂ ಸುಲಭ.

ಬಾರು ಜನರನ್ನು ಸೆಳೆಯುವುದು ಬರೀ ಬಾಟಲಿಯಿಂದಲ್ಲ. ಒರಗಿ ನಿಲ್ಲಲು ಒಂದು ಹಲಗೆ, ಮಂದ ಬೆಳಕು, ‘ಏನು ಕೊಡಲಿ?’ ಎಂದು ಕೇಳುವವರು ಒಬ್ಬರು, ಇವು ಮುಕ್ಕಾಲು ಪಾಲು. ಇಷ್ಟನ್ನೂ ಮೂರಡಿಯ ಕಪಾಟು ಕೊಡಬಲ್ಲದು. ರೈಲಿಳಿದು ಬಂದ ಅಮ್ಮನಿಗೆ ಮಗನೇ ‘ಏನು ಕೊಡಲಿ?’ ಎಂದು ಕೇಳಲಿ. ಶುಂಠಿಯದೋ ಮಾವಿನದೋ ಎಂದು ಅವಳು ಯೋಚಿಸುವಷ್ಟರಲ್ಲಿ ಶಾಲೆಯ ಸುದ್ದಿಯೊಂದು, ಆಫೀಸಿನ ಸುದ್ದಿಯೊಂದು ಹೊರಬರುತ್ತದೆ. ಅಂಕಪಟ್ಟಿಯ ಕಹಿ ಸುದ್ದಿಯನ್ನು ತಿಳಿಸಲೂ ಅದು ಒಳ್ಳೆಯ ಜಾಗವೇ. ಕೈಯಲ್ಲಿ ತಂಪು ಲೋಟವಿರುವವರು ಅಷ್ಟು ಬೇಗ ರೇಗುವುದಿಲ್ಲ.

ಕೊನೆಗೊಂದು ಗೃಹಕೃತ್ಯದ ಮಾತು. ಪಾಕವಿದ್ದಲ್ಲಿ ಇರುವೆ ಬಂದೇ ಬರುತ್ತದೆ. ಬಾಟಲಿಗಳನ್ನು ತೆಳುವಾಗಿ ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ, ರಾತ್ರಿ ಹಲಗೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ. ತಟ್ಟೆಯ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸದಿದ್ದರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ. ಬೆರೆಸಿದವರೇ ಲೋಟ ತೊಳೆಯಬೇಕು ಎಂಬ ನಿಯಮವನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಅಪ್ಪನಿಗೂ ಅದರಿಂದ ವಿನಾಯಿತಿ ಇಲ್ಲ!